ಮೋಜಿನ ಅಕೌಂಟೂ ವ್ಯಾಪಾರದ ಅಕೌಂಟೂ ಒಂದೇ ಆದಾಗ: ಒಂದು ಆಪ್ತಸಲಹೆ ಪ್ರಕರಣ

ಬಳ್ಳಾರಿಯಲ್ಲಿ ನನ್ನ ಹತ್ತಿರ ಈ ಥರದ ಪ್ರಕರಣ ಮತ್ತೆ ಮತ್ತೆ ಬರುತ್ತಿದೆ. ಮನೆಯವರು ಕರೆದುಕೊಂಡು ಬರುತ್ತಾರೆ, ಕೂತ ಕೂಡಲೇ ಒಂದೇ ಮಾತು: "ಫೋನಿನ ಚಟ ಹತ್ತೈತೆ ಮೇಡಂ, ಬಿಡಿಸ್ರಿ." ಸ್ವಲ್ಪ ಹೊತ್ತು ಕೇಳಿಸಿಕೊಂಡರೆ ಆ ಫೋನಿನಲ್ಲೇ ಅವರ ಅಂಗಡಿ ಇರುತ್ತದೆ. ಸೀರೆ, ಶೇಂಗಾ ಚಟ್ನಿ, ಮೆಹೆಂದಿ, ಬ್ಲೌಸ್ ಹೊಲಿಗೆ, ಟ್ಯೂಷನ್, ಏನಾದರೊಂದು. ಮೊದಲು ಖುಷಿಗೆ ಅಂತ ಶುರು ಮಾಡಿರುತ್ತಾರೆ, ಆಮೇಲೆ ದುಡ್ಡು ಬರುತ್ತದೆ, ಆಮೇಲೆ ನಿದ್ದೆ ಹೋಗುತ್ತದೆ. ಇಂಥವರಿಗೆ "ಆ್ಯಪ್ ತೆಗೆದುಹಾಕಿ" ಅಂತ ನಾನು ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಅಂತ ತಿಳಿಸುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಬರೆದಿರುವುದು ಒಬ್ಬ ಹೆಂಗಸಿನ ಪ್ರಕರಣ, ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಅವರನ್ನು ಇಲ್ಲಿ ಸುಜಾತ ಅನ್ನೋಣ. ಮೂವತ್ತರ ಆಸುಪಾಸು. ಗಂಡನದು ಸಣ್ಣ ಜೀನ್ಸ್ ಯೂನಿಟ್. ನಮ್ಮ ಊರಲ್ಲಿ ಜೀನ್ಸ್ ಅಂದರೆ ಗೊತ್ತಲ್ವಾ, ಕಟಿಂಗ್ ಒಂದು ಕಡೆ, ಹೊಲಿಗೆ ಒಂದು ಕಡೆ, ವಾಷಿಂಗ್ ಇನ್ನೊಂದು ಕಡೆ, ಗುಂಡಿ ಹಾಕುವುದು, ದಾರ ಕತ್ತರಿಸುವುದು ಎಷ್ಟೋ ಮನೆಗಳ ಜಗಲಿಯಲ್ಲಿ. ಮಾಲು ಹೋಲ್‌ಸೇಲಿಗೆ ಹೋಗುತ್ತದೆ, ದುಡ್ಡು ತಿಂಗಳುಗಟ್ಟಲೆ ಬಾಕಿ ನಿಲ್ಲುತ್ತದೆ. ಆ ಬಾಕಿಯ ನಡುವೆ ಮನೆ ನಡೆಸುವುದಕ್ಕೆ ಸುಜಾತ ಹೆಂಗಸರ ಜೀನ್ಸ್, ಮಕ್ಕಳ ಡೆನಿಮ್ ಫ್ರಾಕ್ ಆನ್‌ಲೈನಿನಲ್ಲಿ ಮಾರುವುದಕ್ಕೆ ಶುರು ಮಾಡಿದರು.

ಅದಕ್ಕೂ ಮೊದಲು ಅವರೂ ಅವರ ನಾದಿನಿಯೂ ಟಿಕ್‌ಟಾಕ್‌ನಲ್ಲಿ ತಮಾಷೆ ವಿಡಿಯೋ ಮಾಡುತ್ತಿದ್ದರು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ನಮ್ಮ ದೇಶದಲ್ಲಿ ರೀಲ್ಸ್ ತಂದಿತು, ಇವರೂ ಅಲ್ಲಿಗೆ ಹೋದರು. ನಾದಿನಿ ಗಿರಾಕಿ, ಇವರು ಅಂಗಡಿಯವರು. "ನಾನೂರು ಆದ್ರೆ ಎರಡು ಕೊಡ್ರಿ, ಇಲ್ಲಾಂದ್ರ ಒಂದಕ್ಕ ನೂರೈವತ್ತು" ಅಂತ ಚೌಕಾಸಿ. ಬಳ್ಳಾರಿ ಮಾತು, ಜನಕ್ಕೆ ಹಿಡಿಸಿತು. ಒಂದು ರೀಲ್ ಲಕ್ಷ ದಾಟಿತು. ಅದೇ ಅಕೌಂಟಿನಲ್ಲಿ ಮಾಲಿನ ಫೋಟೋ ಹಾಕತೊಡಗಿದರು.

ನನ್ನ ಬಳಿ ಬರುವಷ್ಟು ಹೊತ್ತಿಗೆ ಪರಿಸ್ಥಿತಿ ಹೀಗಿತ್ತು. ರಾತ್ರಿ ಎರಡು ಗಂಟೆಗೆ ಎದ್ದು ಎಷ್ಟು ಜನ ನೋಡಿದ್ದಾರೆ ಅಂತ ನೋಡುವುದು. ವ್ಯೂ ಕಡಿಮೆ ಬಂದ ದಿನ ಮಗನ ಮೇಲೆ ರೇಗುವುದು. ಯಾರೋ ಅವರ ಮೈಕಟ್ಟಿನ ಬಗ್ಗೆ ಕೆಟ್ಟದಾಗಿ ಬರೆದ ಕಾಮೆಂಟನ್ನು ಅಳಿಸದೆ ದಿನಕ್ಕೆ ಎಷ್ಟೋ ಸಲ ಓದುವುದು. ನಾದಿನಿ "ಇನ್ನ ಮುಂದ ನಾ ಬರಂಗಿಲ್ಲ ಅತ್ತಿಗಿ" ಅಂದು ದೂರ ಸರಿದಿದ್ದಳು. ಗಂಡ ಒಮ್ಮೆ ಫೋನ್ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಅವತ್ತು ಬಂದಿದ್ದ ಆರ್ಡರ್‌ಗಳೂ ಹೋದವು, ಜಗಳವೂ ಆಯಿತು.

ಮೊದಲ ಭೇಟಿಗಳಲ್ಲಿ ಮಾಡುವುದನ್ನೆಲ್ಲ ಮಾಡಿದೆ. ನಿದ್ದೆ, ಊಟ, ಬೇಸರ ಎಷ್ಟು ದಿನದಿಂದ, ಸಾಯುವ ಯೋಚನೆ ಏನಾದರೂ ಬರುತ್ತದಾ ಅಂತ ನೇರವಾಗಿ ಕೇಳಿದೆ. ಇರಲಿಲ್ಲ. ಇದ್ದಿದ್ದರೆ ದಾರಿಯೇ ಬೇರೆ, ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಕೆಳಗೆ ಬರೆದದ್ದನ್ನು ಓದಿ ಎಲ್ಲ ಕಷ್ಟಕ್ಕೂ ಅಕೌಂಟ್ ಬದಲಿಸಿದರೆ ಸಾಕು ಅಂದುಕೊಳ್ಳಬಾರದು.

ಒಂದು ದಿನ ಅವರ ಆರ್ಡರ್ ನೋಟ್‌ಬುಕ್ ತರುವುದಕ್ಕೆ ಹೇಳಿದೆ. ಉದ್ದನೆಯ ರೂಲ್ಡ್ ಪುಸ್ತಕ. ಹೆಸರು, ಊರು, ಸೊಂಟದ ಅಳತೆ, ಫೋನ್‌ಪೇ ಬಂತೋ ಇಲ್ಲವೋ ಅಂತ ಒಂದು ಟಿಕ್. ವಾಪಸ್ ಬಂದ ಪಾರ್ಸಲ್‌ಗೆ ಕೆಂಪು ಪೆನ್ನಲ್ಲಿ ಗೆರೆ. ಕೆಂಪು ಗೆರೆ ಜಾಸ್ತಿಯೇ ಇದ್ದವು. ಕ್ಯಾಶ್ ಆನ್ ಡೆಲಿವರಿ ಪಾರ್ಸಲ್ ವಾಪಸ್ ಬಂದರೆ ಹೋಗುವ ಖರ್ಚೂ ಬರುವ ಖರ್ಚೂ ಮಾರಿದವರ ತಲೆಗೇ ಬೀಳುತ್ತದೆ.

"ಒಂದೊಂದೇ ಹೆಸರು ನೋಡಿ ಹೇಳಿ, ಇವರು ನಿಮಗೆ ಹೇಗೆ ಸಿಕ್ಕರು?" ಅಂದೆ.

ಅವರು ಒಂದು ಕೈಯಲ್ಲಿ ಫೋನ್, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ನೋಡತೊಡಗಿದರು. ಸಿರುಗುಪ್ಪದ ಟೀಚರ್, ವಾಟ್ಸ್ಆ್ಯಪ್ ಸ್ಟೇಟಸ್ ನೋಡಿ. ಗಂಗಾವತಿಯ ಅಕ್ಕತಂಗಿಯರು, ಆ ಟೀಚರ್ ಹೇಳಿ. ಹುಬ್ಬಳ್ಳಿಯ ಒಬ್ಬರು, ಅಳತೆ ವಿಡಿಯೋ ನೋಡಿ. ಇನ್ನೊಬ್ಬರು, ಅದೇ ಅಳತೆ ವಿಡಿಯೋ. ಮತ್ತೊಬ್ಬರು, ಅದೇ.

"ಅಳತೆ ವಿಡಿಯೋ ಯಾವುದು?" ಅಂತ ಕೇಳಿದೆ. ಅವರಿಗೇ ನೆನಪಾಗುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಕೆಳಗೆ ಕೆಳಗೆ ಸರಿಸಿ ತೆಗೆದು ತೋರಿಸಿದರು. ನಾದಿನಿ ಇಲ್ಲ, ಹಾಡಿಲ್ಲ, ನಗು ಇಲ್ಲ. ಒಂದು ಹಳೇ ಜೀನ್ಸನ್ನು ಚಾಪೆಯ ಮೇಲೆ ಹಾಸಿ, ಟೇಪ್ ಹಿಡಿದು, ಸೊಂಟದ ಪಟ್ಟಿಯನ್ನು ಈ ಕಡೆಯಿಂದ ಆ ಕಡೆಗೆ ಅಳೆದು ಎರಡರಷ್ಟು ಮಾಡಿ, "ನಿಮ್ಮ ಮನ್ಯಾಗ ಸರಿಯಾಗಿ ಕೂಡೋ ಪ್ಯಾಂಟ್ ಇರತೈತಲ್ರಿ, ಅದನ್ನ ಹಿಂಗ ಅಳದು ನನಗ ಕಳಸ್ರಿ, ಮೈ ಅಳತಿ ಬ್ಯಾಡ" ಅಂತ ಹೇಳಿದ್ದರು. ನೋಡಿದವರು ತೀರಾ ಕಡಿಮೆ. ಅದನ್ನು ಅವರು ಸೋತ ವಿಡಿಯೋ ಅಂತ ಲೆಕ್ಕ ಹಾಕಿ ಬಿಟ್ಟಿದ್ದರು. ಆದರೆ ಸೇವ್ ಮಾಡಿಕೊಂಡವರು, ಇನ್ನೊಬ್ಬರಿಗೆ ಕಳಿಸಿದವರು ಅದರಲ್ಲೇ ಜಾಸ್ತಿ. ಅದನ್ನು ನೋಡಿ ಆರ್ಡರ್ ಕೊಟ್ಟವರ ಹೆಸರುಗಳ ಮುಂದೆ ಕೆಂಪು ಗೆರೆ ಹೆಚ್ಚುಕಡಿಮೆ ಇರಲೇ ಇಲ್ಲ, ಯಾಕಂದರೆ ಅಳತೆ ಸರಿಯಾಗಿ ಬಂದಿತ್ತು.

"ಈ ಹುಬ್ಬಳ್ಳಿಯೋರು ಒಂದು ಲೈಕೂ ಒತ್ತಿಲ್ಲ ಮೇಡಂ, ನಾಕು ಸಲ ತಗೊಂಡಾರ" ಅಂದರು.

ಲಕ್ಷ ದಾಟಿದ ರೀಲ್‌ನಿಂದ ಬಂದವರು ಯಾರು ಅಂತ ಕೇಳಿದೆ. ಪುಸ್ತಕದಲ್ಲಿ ಹುಡುಕಿದರು. ಇಬ್ಬರು ಸಿಕ್ಕರು, ಅದರಲ್ಲಿ ಒಂದು ಕೆಂಪು ಗೆರೆ.

ಆಮೇಲೆ ಅವರು ಅತ್ತರು. ಸಮಾಧಾನ ಮಾಡುವುದಕ್ಕೆ ನಾನು ಅವಸರ ಮಾಡಲಿಲ್ಲ. ಕಣ್ಣು ಒರೆಸಿಕೊಂಡು ಅವರು ಹೇಳಿದ ಮಾತು ನನಗೆ ಈ ಇಡೀ ಪ್ರಕರಣದ ತಿರುಳು: "ಮೊದ್ಲು ನಾವಿಬ್ರೂ ನಗಾಕ ಮಾಡ್ತಿದ್ವಿ ಮೇಡಂ. ಈಗ ನಗಬೇಕು ಅಂತ ಮಾಡ್ತೀನಿ. ಅಕಿಗೂ 'ನಗು, ಇನ್ನೊಂದ್ಸಲ ನಗು' ಅಂತ ಬೈತಿದ್ದೆ."

ಅಲ್ಲಿಯ ತನಕ ನಾವೆಲ್ಲ, ಗಂಡ, ಅತ್ತೆ, ಅವರೂ ಸೇರಿ, ಸಮಸ್ಯೆಯನ್ನು ಗಂಟೆಗಳಲ್ಲಿ ಅಳೆಯುತ್ತಿದ್ದೆವು. ಫೋನಿನಲ್ಲಿ ಎಷ್ಟು ಹೊತ್ತು ಇರುತ್ತಾರೆ ಅಂತ. ಆ ಮಾತು ಕೇಳಿದ ಮೇಲೆ ಕಳೆದುಹೋದದ್ದು ಏನು ಅಂತ ಗೊತ್ತಾಯಿತು. ಮನೆಯಲ್ಲಿ ಆ ಹೆಂಗಸಿಗೆ ಇದ್ದ ಒಂದೇ ಆಟ, ಒಬ್ಬಳೇ ಗೆಳತಿ, ಎರಡೂ ವ್ಯಾಪಾರದ ಪಾಲಾಗಿದ್ದವು. ವ್ಯಾಪಾರವೂ ಅದರಿಂದ ಬೆಳೆದಿರಲಿಲ್ಲ.

ಆದ್ದರಿಂದ ಕೊಟ್ಟ ಮೊದಲ ಸಲಹೆ ಅಕೌಂಟ್ ಎರಡು ಮಾಡುವುದು. ಹಳೆಯದನ್ನು ಪ್ರೈವೇಟ್ ಮಾಡಿ, ಗೊತ್ತಿರುವವರನ್ನು ಮಾತ್ರ ಇಟ್ಟುಕೊಂಡು, ನಾದಿನಿಗೆ ಮನಸ್ಸಾದರೆ ಅವಳ ಜೊತೆ ಆಡುವುದಕ್ಕೆ ಇಟ್ಟುಕೊಳ್ಳಿ. ಅಲ್ಲಿ ಒಂದು ಪ್ಯಾಂಟಿನ ಫೋಟೋವೂ ಬೇಡ. ವ್ಯಾಪಾರಕ್ಕೆ ಬೇರೆ ಬಿಸಿನೆಸ್ ಅಕೌಂಟ್. ಅದರಲ್ಲಿ ಸಿನಿಮಾ ಹಾಡುಗಳು ಅಷ್ಟಾಗಿ ಸಿಗುವುದಿಲ್ಲ ಅಂತ ಅವರು ಹೆದರಿದರು. ನಿಮ್ಮ ಧ್ವನಿ ಸಾಕು, ಟೇಪ್ ಹಿಡಿದಾಗ ಹಾಡು ಬೇಕಿತ್ತಾ ಅಂದೆ. ಗಿರಾಕಿಗಳು ನಿಜವಾಗಿ ಕೇಳುವ ಪ್ರಶ್ನೆಗಳನ್ನು ಅದೇ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಳ್ಳಲು ಹೇಳಿದೆ. ಬಣ್ಣ ಹೋಗುತ್ತದಾ? ಸ್ಟ್ರೆಚ್ ಇದೆಯಾ? ಹೆರಿಗೆ ಆದಮೇಲೆ ಹಾಕಬಹುದಾ? ಒಂದು ಪ್ರಶ್ನೆಗೆ ಒಂದು ವಿಡಿಯೋ. ಜೀನ್ಸ್ ತೊಳೆದು ಒಣಗಿಸಿ, ತೊಳೆಯುವ ಮೊದಲು ಹೇಗಿತ್ತು ಆಮೇಲೆ ಹೇಗಾಯಿತು ಅಂತ ಪಕ್ಕಪಕ್ಕ ಇಟ್ಟು ತೋರಿಸಿದರೆ ಕೊಳ್ಳುವವರ ಅರ್ಧ ಭಯ ಹೋಗುತ್ತದೆ.

ವಾಟ್ಸ್ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ ಅಂದೆ. 2018ರಿಂದ ಇದೆ, ದುಡ್ಡಿಲ್ಲ, ಆದರೂ ನಮ್ಮ ಕಡೆಯ ಸಣ್ಣ ವ್ಯಾಪಾರಿಗಳು ಎಷ್ಟೋ ಜನ ಮಾಮೂಲಿ ವಾಟ್ಸ್ಆ್ಯಪ್‌ನಲ್ಲೇ ಒದ್ದಾಡುತ್ತಾರೆ. ಅದರಲ್ಲಿ ಕ್ಯಾಟಲಾಗ್ ಇಡಬಹುದು, ರಾತ್ರಿ ಎಂಟರ ಮೇಲೆ ಮೆಸೇಜ್ ಮಾಡಿದವರಿಗೆ "ಬೆಳಿಗ್ಗೆ ಹತ್ತಕ್ಕೆ ಉತ್ತರ ಕೊಡ್ತೀವಿ" ಅಂತ ತಾನಾಗಿಯೇ ಹೋಗುವ ಹಾಗೆ ಮಾಡಬಹುದು. ಸುಜಾತ ಅವರಿಗೆ ನಿದ್ದೆ ವಾಪಸ್ ಕೊಟ್ಟಿದ್ದು ಮುಖ್ಯವಾಗಿ ಈ ಒಂದು ಸಾಲು. ಉತ್ತರ ತಡವಾದರೆ ಗಿರಾಕಿ ಹೋಗುತ್ತಾರೆ ಅನ್ನುವ ಭಯದಿಂದಲೇ ಅವರು ರಾತ್ರಿ ಏಳುತ್ತಿದ್ದರು, ಎದ್ದ ಮೇಲೆ ಕೈ ತಾನಾಗಿ ಇನ್‌ಸ್ಟಾಗ್ರಾಂಗೆ ಹೋಗುತ್ತಿತ್ತು. ಒಂದೇ ಮೆಸೇಜನ್ನು ಎಷ್ಟೋ ಜನಕ್ಕೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್ ಬಗ್ಗೆಯೂ ಮಾತಾಡಿದೆವು. ಅದು ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ, ಒಂದು ಪಟ್ಟಿಗೆ 256 ಜನ. ಕಡಿಮೆ ಅನ್ನಿಸಿತು ಅವರಿಗೆ. ನಂಬರ್ ಸೇವ್ ಮಾಡಿಕೊಂಡವರು ನಿಮ್ಮ ನಿಜವಾದ ಗಿರಾಕಿಗಳು, ಅವರಿಂದ ಶುರು ಮಾಡಿ ಅಂದೆ.

ಲೈಕ್ ಎಣಿಕೆಯನ್ನು ಮುಚ್ಚಿಡುವ ಸೌಲಭ್ಯ ಇನ್‌ಸ್ಟಾಗ್ರಾಂನಲ್ಲಿ 2021ರಿಂದ ಇದೆ, ಅದನ್ನು ಅಲ್ಲೇ ಕೂತು ಆನ್ ಮಾಡಿಸಿದೆ. ಇದು ಸಣ್ಣ ವಿಷಯ ಅಂತ ಕಾಣಬಹುದು. ಆದರೆ ಈ ಲೈಕ್‌ಗಳು ಯಾವಾಗ ಬರುತ್ತವೋ ಗೊತ್ತಿಲ್ಲದ ಕಾರಣಕ್ಕೇ ಮನಸ್ಸು ಮತ್ತೆ ಮತ್ತೆ ಅಲ್ಲಿಗೆ ಓಡುತ್ತದೆ. ಒತ್ತಿದಾಗಲೆಲ್ಲ ಕಾಳು ಸಿಗುವುದಕ್ಕಿಂತ ಯಾವಾಗಲೋ ಒಮ್ಮೆ ಸಿಕ್ಕರೆ ಪಾರಿವಾಳಗಳು ಬಿಡದೆ ಕುಕ್ಕುತ್ತಲೇ ಇರುತ್ತವೆ ಅಂತ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ತೋರಿಸಿದ್ದು ಮೊಬೈಲ್ ಫೋನ್ ಬರುವುದಕ್ಕಿಂತ ಎಷ್ಟೋ ಮೊದಲು. ಸುಜಾತ ಅವರದು ಮನಸ್ಸಿನ ದೌರ್ಬಲ್ಯ ಅಲ್ಲ ಅಂತ ಗಂಡನಿಗೆ ತಿಳಿಸುವುದಕ್ಕೆ ನನಗೆ ಇದು ಉಪಯೋಗಕ್ಕೆ ಬಂತು.

ಕೆಟ್ಟ ಕಾಮೆಂಟ್ ಬಗ್ಗೆ ನನ್ನ ಸಲಹೆ ಯಾವಾಗಲೂ ಒಂದೇ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಅಳಿಸಿ, ಬ್ಲಾಕ್ ಮಾಡಿ, ಆ ಥರದ ಪದಗಳು ಕಾಣದ ಹಾಗೆ ಸೆಟ್ಟಿಂಗ್ಸ್‌ನಲ್ಲಿ ಹಾಕಿ. ಉತ್ತರ ಕೊಡುತ್ತಾ ಕೂರಬೇಡಿ. ಮುಂದುವರಿದರೆ ಸೈಬರ್ ಪೊಲೀಸರಿಗೆ ದೂರು ಕೊಡಿ. ಸುಜಾತ ಅವರಿಗೆ ಒಂದು ಕ್ರೀಮ್ ಕಂಪನಿಯ ಹೆಸರಲ್ಲಿ "ಪ್ರಮೋಷನ್ ಮಾಡಿ, ಮೊದಲು ಡೆಪಾಸಿಟ್ ಕಟ್ಟಿ" ಅಂತಲೂ ಮೆಸೇಜ್ ಬಂದಿತ್ತು. ಕಟ್ಟಿರಲಿಲ್ಲ, ಪುಣ್ಯ. ಹಾಗೆ ದುಡ್ಡು ಕಳೆದುಕೊಂಡವರು ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ನಿಜವಾದ ಕಂಪನಿಯೇ ಬಂದರೂ, ದುಡ್ಡು ಅಥವಾ ಮಾಲು ತಗೊಂಡು ಹೊಗಳುವಾಗ ಅದು ಜಾಹೀರಾತು ಅಂತ ಹೇಳಲೇಬೇಕು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇದನ್ನು ಸ್ಪಷ್ಟವಾಗಿ ಹೇಳಿದೆ.

ಜೊತೆಯಲ್ಲಿ ಕೆಲಸ ಮಾಡುವ ಒಬ್ಬರು ನನ್ನನ್ನು ಕೇಳಿದರು, ಇದು ಆಪ್ತಸಲಹೆಯಾ, ವ್ಯಾಪಾರ ಕಲಿಸುವುದಾ ಅಂತ. ನಾನು ಇದನ್ನು ಆಪ್ತಸಲಹೆ ಅಂತಲೇ ನಂಬುತ್ತೇನೆ. ಆತಂಕ ಎಲ್ಲಿ ಹುಟ್ಟುತ್ತಿದೆಯೋ ಅಲ್ಲಿಗೆ ಹೋಗದೆ ಬರೀ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸಿದರೆ ಆ ಹೆಂಗಸು ಮನೆಗೆ ಹೋಗಿ ಮತ್ತೆ ಅದೇ ಪರದೆ ನೋಡುತ್ತಾರೆ. ಆರ್ಡರ್ ಪುಸ್ತಕವನ್ನು ನಾನು ತರಿಸಿದ್ದು ಲಾಭ ನೋಡುವುದಕ್ಕಲ್ಲ, ಅವರು ತಮ್ಮ ಬೆಲೆಯನ್ನು ಯಾವ ಲೆಕ್ಕದಲ್ಲಿ ಅಳೆದುಕೊಳ್ಳುತ್ತಿದ್ದಾರೆ ಅಂತ ಅವರಿಗೇ ಕಾಣಿಸುವುದಕ್ಕೆ.

ಇನ್ನೊಂದು ಮಾತು, ಚಟ ಅನ್ನುವ ಪದವನ್ನು ನಾವು ಬೇಗ ಎಸೆಯುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಗೇಮಿಂಗ್ ಅನ್ನು ಸೇರಿಸಿದೆ, ಸೋಷಿಯಲ್ ಮೀಡಿಯಾ ಬಳಕೆಗೆ ಅಂತ ಬೇರೆ ಕಾಯಿಲೆ ಅದರಲ್ಲಿಲ್ಲ. ಹಾಗಂತ ತೊಂದರೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕೈಮೀರಿ ಹೋದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಫೋನ್, ಇಂಟರ್ನೆಟ್ ಅತಿಬಳಕೆಯ ತೊಂದರೆಗೆ ಅಂತಲೇ ಶಟ್ ಕ್ಲಿನಿಕ್ ಇದೆ, ನಾನೇ ಕಳಿಸಿದ್ದೂ ಇದೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಯಾವ ಹಳ್ಳಿಯಿಂದಾದರೂ 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಡ. ಆದರೆ ದುಡಿಯುವ ಹೆಂಗಸಿಗೆ ಚಟದ ಹಣೆಪಟ್ಟಿ ಕಟ್ಟಿ ಅವಳ ಕೈಯ ಫೋನ್ ಕಿತ್ತುಕೊಂಡರೆ, ಅವಳ ಕೈಗೆ ಬರುತ್ತಿದ್ದ ದುಡ್ಡನ್ನೂ ಕಿತ್ತುಕೊಂಡ ಹಾಗೆ. ಬೀರುವಿಗೆ ಬೀಗ ಹಾಕಿದ್ದು ತಪ್ಪು ಅಂತ ಗಂಡನಿಗೆ ನೇರವಾಗಿಯೇ ಹೇಳಿದೆ. ಅವರಿಗೆ ಇಷ್ಟವಾಗಲಿಲ್ಲ.

ಈಗ ಸುಜಾತ ನಿದ್ದೆ ಮಾಡುತ್ತಿದ್ದಾರೆ. ಫೋನ್ ರಾತ್ರಿ ಅಡುಗೆಮನೆಯಲ್ಲಿ ಚಾರ್ಜಿಗಿರುತ್ತದೆ. ಹೊಸ ಅಕೌಂಟಿಗೆ ಫಾಲೋವರ್ಸ್ ಕಡಿಮೆ, ಆರ್ಡರ್ ಮೊದಲಿನಷ್ಟೇ ಇದೆ, ಕೆಂಪು ಗೆರೆ ಇಳಿದಿದೆ. ನಾದಿನಿ ಮಾತಾಡುತ್ತಾಳೆ, ವಿಡಿಯೋಗೆ ಇನ್ನೂ ಬಂದಿಲ್ಲ. ಕರೆಯುವುದಕ್ಕೆ ಹೋಗಬೇಡಿ, ಅವಳಾಗಿ ಬಂದರೆ ಬರಲಿ ಅಂದಿದ್ದೇನೆ.

ಗಂಡನ ತಕರಾರು ಮಾತ್ರ ಮುಗಿದಿಲ್ಲ, ಅದು ಈಗ ತಿರುಗಿದೆ ಅಷ್ಟೇ. "ಲಕ್ಷ ಮಂದಿ ನೋಡೋ ಅಕೌಂಟನ್ನ ಸುಮ್ನೆ ಮುಚ್ಚಿಬಿಟ್ರಲ್ಲ ಮೇಡಂ, ದಸರಾ ಸೀಸನ್ ಬೇರೆ ಬರ್ತೈತೆ" ಅನ್ನುತ್ತಾರೆ. ಮುಂದಿನ ಸಲ ಇಬ್ಬರೂ ಒಟ್ಟಿಗೆ ಬರುತ್ತಾರೆ, ಪುಸ್ತಕವನ್ನೂ ತರಬೇಕು ಅಂತ ಹೇಳಿದ್ದೇನೆ. ಈ ಸಲ ಹೆಸರುಗಳನ್ನು ಗಂಡನೇ ಓದಬೇಕು.