ಕಬ್ಬಿಣದಾಚೆ ಚಿನ್ನ ಹುಟ್ಟುವ ಬಗೆ

ಪ್ರಶ್ನೆ: ಮುಂಬಯಿಯ ಝವೇರಿ ಬಜಾರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನಕ್ಷತ್ರಗಳಲ್ಲಿ ಕಬ್ಬಿಣದವರೆಗಿನ ಮೂಲಧಾತುಗಳು ಮಾತ್ರ ತಯಾರಾಗುತ್ತವೆ ಎಂದು ಮಗಳ ಪುಸ್ತಕದಲ್ಲಿದೆ. ಹಾಗಿದ್ದರೆ ಚಿನ್ನ ಎಲ್ಲಿಂದ ಬಂತು?
– ಓದುಗರು, ಡೊಂಬಿವಲಿ

ಉತ್ತರ: ಪುಸ್ತಕ ಹೇಳಿದ್ದು ಅರ್ಧ ಮಾತು. ಪರಮಾಣು ಬೀಜಗಳು ಬೆಸೆದುಕೊಂಡು ಶಕ್ತಿ ಹೊಮ್ಮುವುದು ಕಬ್ಬಿಣದ ಆಸುಪಾಸಿಗೆ ನಿಲ್ಲುತ್ತದೆ, ನಿಜ. ಮುಂದೆ ಬೆಸೆಯಬೇಕಾದರೆ ನಕ್ಷತ್ರವೇ ಕೈಯಿಂದ ಶಕ್ತಿ ಹಾಕಬೇಕು. ಆದರೆ ಬೆಸುಗೆಯೊಂದೇ ದಾರಿಯಲ್ಲ. ನ್ಯೂಟ್ರಾನಿಗೆ ವಿದ್ಯುದಾವೇಶವಿಲ್ಲದ ಕಾರಣ ಪ್ರೋಟಾನುಗಳು ಅದನ್ನು ಹೊರತಳ್ಳುವುದಿಲ್ಲ. ಅದು ಸಲೀಸಾಗಿ ಬೀಜದೊಳಗೆ ನುಸುಳುತ್ತದೆ. ನ್ಯೂಟ್ರಾನುಗಳು ಮಿತಿಮೀರಿದಾಗ ಅವುಗಳಲ್ಲೊಂದು ಪ್ರೋಟಾನಾಗಿ ಮಾರ್ಪಡುತ್ತದೆ, ಬೀಜ ಧಾತು ಕೋಷ್ಟಕದಲ್ಲಿ ಒಂದು ಮನೆ ಮುಂದೆ ಸರಿಯುತ್ತದೆ.

ಮುದಿ ಕೆಂಪು ದೈತ್ಯ ನಕ್ಷತ್ರಗಳಲ್ಲಿ ಇದು ಬಲು ನಿಧಾನ. ಮುಂದಿನ ನ್ಯೂಟ್ರಾನಿಗಾಗಿ ಬೀಜವೊಂದು ವರ್ಷಗಟ್ಟಲೆ ಕಾಯಬಹುದು. ಬೇರಿಯಂ, ಸೀಸಗಳ ಬಹುಪಾಲು ಅಲ್ಲಿಯದು. 1952ರಲ್ಲಿ ಖಗೋಳ ವಿಜ್ಞಾನಿ ಪಾಲ್ ಮೆರಿಲ್ ಇಂಥ ನಕ್ಷತ್ರಗಳ ಬೆಳಕಿನಲ್ಲಿ ಟೆಕ್ನೀಷಿಯಂ ಎಂಬ ವಿಕಿರಣಶೀಲ ಧಾತುವನ್ನು ಗುರುತಿಸಿದರು. ಅತಿ ಹೆಚ್ಚು ಬಾಳುವ ಅದರ ಐಸೊಟೋಪಿನ (ಒಂದೇ ಧಾತುವಿನ, ನ್ಯೂಟ್ರಾನುಗಳ ಸಂಖ್ಯೆಯಲ್ಲಷ್ಟೇ ಬೇರೆಯಾದ ಬಗೆ) ಅರ್ಧಾಯುಷ್ಯವೂ, ಅಂದರೆ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲವೂ, ಸುಮಾರು 42 ಲಕ್ಷ ವರ್ಷ. ನಕ್ಷತ್ರದ ವಯಸ್ಸಿನೆದುರು ಅದು ಏನೇನೂ ಅಲ್ಲ. ಅಂದರೆ ಆ ಧಾತು ಅಲ್ಲೇ, ಈಚೆಗೆ ತಯಾರಾದದ್ದು. ಇಷ್ಟು ಚೊಕ್ಕ ಸಾಕ್ಷ್ಯ ವಿಜ್ಞಾನದಲ್ಲಿ ಅಪರೂಪ.

ಚಿನ್ನದ ಬಹುಪಾಲಿಗೆ ಈ ನಿಧಾನ ಸಾಲದು. ಕಣ್ಣು ಮಿಟುಕಿಸುವುದರೊಳಗೆ ಹತ್ತಾರು ನ್ಯೂಟ್ರಾನುಗಳು ಒಂದೇ ಬೀಜಕ್ಕೆ ನುಗ್ಗಬೇಕು. ಹಾಗೆ ಉಬ್ಬಿದ ಬೀಜ ಹಂತಹಂತವಾಗಿ ಆಸ್ಮಿಯಂ, ಇರಿಡಿಯಂ ದಾಟಿ ಪ್ಲಾಟಿನಂ-197 ಆಗುತ್ತದೆ. ಅದರ ಅರ್ಧಾಯುಷ್ಯ ಸುಮಾರು 20 ಗಂಟೆ, ಆಮೇಲೆ ಅದೇ ಚಿನ್ನ. (ಅಂಗಡಿಯ ಪ್ಲಾಟಿನಂ ಬೇರೆ ಐಸೊಟೋಪುಗಳದು, ಆಸೆ ಬೇಡ.)

ಇಂಥ ಕುಲುಮೆಯೊಂದು 2017ರ ಆಗಸ್ಟ್ 17ರಂದು ಸಿಕ್ಕಿತು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು (ಸತ್ತ ದೊಡ್ಡ ನಕ್ಷತ್ರಗಳ ಅತಿ ಸಾಂದ್ರ ಉಳಿಕೆಗಳು) ಒಂದಾದಾಗ ಎದ್ದ ಗುರುತ್ವ ಅಲೆಗಳು, ಅಂದರೆ ದೇಶಕಾಲದ ಕಂಪನಗಳು, ಬಂದವು. ಹಿಂದೆಯೇ ಕಂಡ ಬೆಳಕು ಕೆಲವೇ ದಿನಗಳಲ್ಲಿ ನೀಲಿಯಿಂದ ಕೆಂಪಿಗೆ ತಿರುಗಿತು. ಭಾರದ ಧಾತುಗಳು ತುಂಬಿದ ಮೋಡದ ಲಕ್ಷಣವದು. ಆ ಬೆಳಕಿನಲ್ಲಿ ಕಬ್ಬಿಣಕ್ಕಿಂತ ಭಾರದ ಸ್ಟ್ರಾನ್ಷಿಯಂ ಇದೆಯೆಂದು 2019ರಲ್ಲಿ ಗುರುತಿಸಲಾಯಿತು. ಪುಣೆ ಜಿಲ್ಲೆಯ ನಾರಾಯಣಗಾಂವ್ ಬಳಿಯ ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕವೂ ಈ ಘಟನೆಯ ರೇಡಿಯೊ ಅಲೆಗಳನ್ನು ಹಿಡಿಯಿತು.

ಹಾಗೆಂದು ಎಲ್ಲ ಚಿನ್ನವನ್ನೂ ಇಂಥ ವಿಲೀನಗಳ ಖಾತೆಗೇ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಎರಡು ನ್ಯೂಟ್ರಾನ್ ನಕ್ಷತ್ರಗಳು ಸುತ್ತುತ್ತಾ ಸುತ್ತುತ್ತಾ ಡಿಕ್ಕಿಯಾಗಲು ಸಾಮಾನ್ಯವಾಗಿ ಬಹಳ ಕಾಲ ಬೇಕು. ಆದರೆ ಗೆಲಾಕ್ಸಿಯ ಅತಿ ಹಳೆಯ ಕೆಲವು ನಕ್ಷತ್ರಗಳಲ್ಲೇ ಚಿನ್ನದಂತೆಯೇ ನ್ಯೂಟ್ರಾನುಗಳು ರಭಸದಿಂದ ನುಗ್ಗಿ ಹುಟ್ಟುವ ಯುರೋಪಿಯಂ ಎಂಬ ಧಾತು ಧಾರಾಳವಾಗಿದೆ. ಅಷ್ಟು ಬೇಗ ಅದನ್ನು ತಯಾರಿಸಿದ್ದು ಬೇರೇನೋ ಇರಬೇಕು. ಆದ್ದರಿಂದ ಅಪರೂಪದ ಕೆಲವು ಸೂಪರ್ನೋವಾಗಳು (ಸಾಯುವ ನಕ್ಷತ್ರಗಳ ಸ್ಫೋಟಗಳು), ಮ್ಯಾಗ್ನೆಟಾರ್ ಎಂಬ ಅತಿ ಪ್ರಬಲ ಕಾಂತಕ್ಷೇತ್ರದ ನ್ಯೂಟ್ರಾನ್ ನಕ್ಷತ್ರಗಳ ಸ್ಫೋಟಗಳೂ ಪಾಲುದಾರರ ಪಟ್ಟಿಯಲ್ಲಿವೆ.