ಉ: ಎಕ್ಸೆಲ್‌ನಿಂದ ಫಾರ್ಮ್‌ಗೆ ಒಂದೊಂದೇ ಕಾಪಿ ಮಾಡಿ ಸಾಕಾಗಿದೆ

ನೀವು ಹೇಳಿದ ಹಾಗೆ ಹೆಸರು ಕಾಪಿ ಮಾಡು, ಪೇಸ್ಟ್ ಮಾಡು, ಮತ್ತೆ ವಿಳಾಸಕ್ಕೆ ವಾಪಸ್ ಬಾ ಅಂತ ಓಡಾಡಿದರೆ ಕೈ ನೋವು ಬರದೇ ಇರುತ್ತಾ! ನಾನೂ ವರ್ಷಗಟ್ಟಲೆ ಹೀಗೇ ಒದ್ದಾಡಿದವನು.

ವಿಂಡೋಸ್ 10 ಅಂದಿರಲ್ಲ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ವಿಂಡೋಸ್ ಕೀ ಜೊತೆ ವಿ ಒತ್ತಿ, ಕ್ಲಿಪ್‌ಬೋರ್ಡ್ ಹಿಸ್ಟರಿ, ಅಂದರೆ ನೀವು ಕಾಪಿ ಮಾಡಿದ್ದೆಲ್ಲದರ ಪಟ್ಟಿ ತೆರೆಯುತ್ತೆ. ಮೊದಲ ಸಲ ಆನ್ ಮಾಡಲು ಕೇಳುತ್ತೆ, ಮಾಡಿ. 2018ರ ಕೊನೆಯ ಅಪ್‌ಡೇಟ್‌ನಲ್ಲೇ ಇದು ಬಂದಿದೆ. ಇನ್ನು ಎಕ್ಸೆಲ್‌ನಲ್ಲಿ ಹೆಸರು, ವಿಳಾಸ, ಫೋನ್ ನಂಬರ್ ಮೂರನ್ನೂ ಒಂದಾದ ಮೇಲೊಂದು ಕಾಪಿ ಮಾಡಿಕೊಂಡು ಒಂದೇ ಸಲ ಫಾರ್ಮ್‌ಗೆ ಬನ್ನಿ. ಪ್ರತಿ ಬಾಕ್ಸ್‌ನಲ್ಲೂ ಆ ಪಟ್ಟಿ ತೆರೆದು ಬೇಕಾದ್ದನ್ನು ಒತ್ತಿದರಾಯ್ತು. ಕೊನೆಗೆ ಕಾಪಿ ಮಾಡಿದ್ದು ಮೇಲಿರುತ್ತೆ. ದಿನಾ ಬೇಕಾಗುವ ಪಿನ್‌ಕೋಡ್, ಊರಿನ ಹೆಸರನ್ನು ಅಳಿಸಿಹೋಗದ ಹಾಗೆ ಪಟ್ಟಿಯಲ್ಲಿ ಪಿನ್ ಮಾಡಿಡಿ. ಉಳಿದದ್ದು ರೀಸ್ಟಾರ್ಟ್ ಆದಾಗ ಅಳಿಸಿಹೋಗುತ್ತೆ.

ಆದರೆ ಇದರಲ್ಲಿ 25 ಐಟಂ ಮಾತ್ರ ಉಳಿಯುತ್ತೆ. ಹಳೆಯದನ್ನು ಹುಡುಕಿ ತೆಗೆಯಬೇಕಾದರೆ ಡಿಟ್ಟೊ ಅನ್ನೋ ಕ್ಲಿಪ್‌ಬೋರ್ಡ್ ತಂತ್ರಾಂಶ ಹಾಕಿಕೊಳ್ಳಿ. ಉಚಿತ, ಓಪನ್ ಸೋರ್ಸ್. ಎರಡಕ್ಷರ ಟೈಪ್ ಮಾಡಿದರೆ ಹಿಂದೆ ಕಾಪಿ ಮಾಡಿದ್ದು ಎದುರಿಗೆ ಬರುತ್ತೆ.

ಹಳೇ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫೈಲಿನ ಕನ್ನಡ ಫಾರ್ಮ್‌ನಲ್ಲಿ ಕಲಸುಮೇಲೋಗರ ಆಗೋದು ಮಾತ್ರ ಇದರಿಂದ ಸರಿಹೋಗಲ್ಲ. ಅದು ಆಸ್ಕಿ ಅಕ್ಷರ, ಅಂದರೆ ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುವಂಥದ್ದು. ಕಾಪಿ ಮಾಡುವ ಮೊದಲೇ ಈಗ ಎಲ್ಲೆಡೆ ಬಳಸುವ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಹಾಂ, ಆಫೀಸಿನ ಕಂಪ್ಯೂಟರ್ ಬೇರೆಯವರೂ ಬಳಸ್ತಾರೆ ಅಂದಿರಿ. ಪಾಸ್‌ವರ್ಡ್, ಆಧಾರ್ ನಂಬರ್ ಕಾಪಿ ಮಾಡಿದ್ದರೆ ಅದೂ ಪಟ್ಟಿಯಲ್ಲೇ ಕೂತಿರುತ್ತೆ. ಸಂಜೆ ಕೆಲಸ ಮುಗಿಸಿ ಏಳುವ ಮುಂಚೆ ಎಲ್ಲಾ ಕ್ಲಿಯರ್ ಮಾಡಿ.