ಪುಣೆಯಿಂದ ಅಮ್ಮನಿಗೆ ಏನು ಒಯ್ಯಲಿ ಅಂದವರಿಗೆ

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು. ಬೇಜಾರು ಮಾಡ್ಕೋಬೇಡಿ. ಮೈಸೂರಿನಿಂದ ಕೆಲಸಕ್ಕೆಂದು ಪುಣೆಗೆ ಬಂದು ಆರು ತಿಂಗಳಾಯಿತು, ಊರಿಗೆ ಹೋಗುವಾಗ ಅಮ್ಮನಿಗೆ ಕೈಯಿಂದ ಮಾಡಿದ, 'ಅಪ್ಪಟ ಮಹಾರಾಷ್ಟ್ರದ್ದೇ' ಆದ ಏನಾದರೂ ಒಯ್ಯಬೇಕು ಅಂತ ಬರೆದಿದ್ದೀರಿ. ಕೊಲ್ಹಾಪುರಿ ಚಪ್ಪಲಿ, ಖಣ, ಇರಕಲ್ ಸೀರೆ, ಈ ಮೂರರಲ್ಲಿ ಯಾವುದು ಒಳ್ಳೆಯದು, ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ನಾನು ಬೆಳಗಾವಿ ಜಿಲ್ಲೆಯ ಅಥಣಿ ತಾಲೂಕಿನವನು, ಈಗ ಪುಣೆಯಲ್ಲೇ ಇದ್ದೇನೆ. ನೀವು ಹೇಳಿದ ಮೂರರಲ್ಲಿ ಎರಡು ಬಾಗಲಕೋಟೆ ಜಿಲ್ಲೆಯವು. ಮೂರನೆಯದು ಅರ್ಧ ನಮ್ಮದು. ಇಲ್ಲಿಂದ ಕೊಂಡು ಮೈಸೂರಿಗೆ ಒಯ್ದರೆ ಅದು ಉಡುಗೊರೆಗಿಂತ ತವರಿಗೆ ಕರೆದುಕೊಂಡು ಹೋದ ಹಾಗೆ ಆಗುತ್ತದೆ!

ತಪ್ಪು ನಿಮ್ಮದಲ್ಲ. ಪುಣೆಯಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ. ಬೆಂಗಳೂರು, ಮೈಸೂರಿನ ಕಡೆಯವರಿಗೆ ನಮ್ಮ ಭಾಗದ ಬದುಕೂ ಅಷ್ಟಾಗಿ ಗೊತ್ತಿರುವುದಿಲ್ಲ. ನಮ್ಮೂರಿಗೆ ಬೆಳಗಾವಿ ದೂರ, ಮಿರಜ್ ಹತ್ತಿರ. ಜ್ವರ ಜಾಸ್ತಿಯಾದರೆ ಮಿರಜ್, ಮದುವೆ ಬಟ್ಟೆಗೆ ಸಾಂಗ್ಲಿ, ದೇವರಿಗೆ ಪಂಢರಪುರ. ಸರಕಾರಿ ಕಾಗದ ಪತ್ರ ಇದ್ದರೆ ಮಾತ್ರ ಬೆಳಗಾವಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ನಮ್ಮಲ್ಲಿ ಮಾಡಿದ ಸಾಮಾನು ಮಾರಾಟವಾಗಬೇಕಾದರೆ ಮೊದಲಿನಿಂದಲೂ ಆ ಕಡೆಯ ಪೇಟೆಗೇ ಹೋಗುತ್ತಿತ್ತು. ಪೇಟೆಯ ಹೆಸರೇ ಸಾಮಾನಿಗೂ ಅಂಟಿಕೊಂಡಿತು.

ಚಪ್ಪಲಿಯ ವಿಷಯ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ನನಗೆ ಚೆನ್ನಾಗಿ ಗೊತ್ತಿರುವುದು ಅದೇ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಗುರುತು, ಅಂದರೆ ಸಾಮಾನು ಯಾವ ಊರಿನದು ಅಂತ ಸರಕಾರ ಕೊಡುವ ಗುರುತು, ಸಿಕ್ಕಿತಲ್ಲ, ಅದು ಎರಡೂ ರಾಜ್ಯಗಳಿಗೆ ಸೇರಿ ಸಿಕ್ಕಿದ್ದು. ಆ ಕಡೆ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ಈ ಕಡೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ನಾಲ್ಕಕ್ಕೆ ನಾಲ್ಕು. ಅಥಣಿ, ನಿಪ್ಪಾಣಿ ಸುತ್ತಿನ ಹಳ್ಳಿಗಳಲ್ಲಿ ಮನೆಮನೆಯಲ್ಲಿ ಈ ಕೆಲಸ ನಡೆಯುತ್ತಿತ್ತು. ತೊಗಲು ಹದ ಮಾಡುವವರು ಢೋರರು, ಕತ್ತರಿಸಿ ಹೊಲಿಯುವವರು ಸಮಗಾರರು. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆಯುತ್ತಾರೆ. ಆಮೇಲೆ ಅದನ್ನೇ ಚೀಲದ ಹಾಗೆ ಹೊಲಿದು, ತೂಗುಹಾಕಿ, ಒಳಗೆ ಜಾಲಿ ತೊಗಟೆ ಮತ್ತು ಅಳಲೆಕಾಯಿಯ ನೀರು ತುಂಬುತ್ತಾರೆ. ನೀರು ಜಿನುಗಿ ಜಿನುಗಿ ತೊಗಲಿಗೆ ಹದ ಹಿಡಿಯುತ್ತದೆ. ವಾರಗಟ್ಟಲೆ ಹಿಡಿಯುವ ಕೆಲಸ ಇದು.

ಸಣ್ಣವರಿದ್ದಾಗ ನಾವು ಆ ಓಣಿಯ ಮುಂದೆ ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು. ಆ ಓಣಿಯ ಹುಡುಗ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ. ಅವನ ಎದುರಿಗೇ ಓಡುತ್ತಿದ್ದೆವು. ಈಗ ಪುಣೆಯ ಅಂಗಡಿಯಲ್ಲಿ ಹದ ಮಾಡಿದ ತೊಗಲಿನ ವಾಸನೆ ಬಂದರೆ ಊರು ನೆನಪಾಗುತ್ತದೆ, ಜೊತೆಗೆ ಆ ಹುಡುಗನ ಮುಖವೂ.

ಅಂಗಾಲಿನ ಭಾಗಕ್ಕೆ ದಪ್ಪ ಎಮ್ಮೆ ತೊಗಲು. ಅದರ ಎರಡು ಪಕ್ಕದಲ್ಲಿ ಹೊರಗೆ ಚಾಚಿದ ಕಿವಿಗೆ ಕಾನ ಅನ್ನುತ್ತಾರೆ, ಹೆಬ್ಬೆರಳು ತೂರಿಸುವ ಉಂಗುರಕ್ಕೆ ಅಂಗಠಾ, ಮೇಲಿನ ಹೆಣಿಗೆಗೆ ವೇಣಿ. ಜಡೆ ಹೆಣೆದ ಹಾಗೇ ಇರುವುದರಿಂದ ಆ ಹೆಸರು. ಹೆಚ್ಚಾಗಿ ವೇಣಿ ಹೆಣೆಯುವವರು ಮನೆಯ ಹೆಂಗಸರು. ಹೊಲಿಯುವ ದಾರವೂ ತೊಗಲಿನದೇ, ಒಂದು ಮೊಳೆಯೂ ಇರುವುದಿಲ್ಲ. ಕಾಪಶಿ, ಪಾಯತಾಣ, ಕಚಕಡಿ, ಬಕ್ಕಲನಳ್ಳಿ, ಪುಕರಿ ಅಂತ ಬೇರೆ ಬೇರೆ ಮಾದರಿಗಳಿವೆ. ಪುಣೆಯ ಅಂಗಡಿಯಲ್ಲಿ ಈ ಹೆಸರಿನಲ್ಲಿ ಒಂದನ್ನು ಕೇಳಿ ನೋಡಿ. ಅಂಗಡಿಯವನ ಕಣ್ಣು ಅರಳಿದರೆ ಅಲ್ಲೇ ಕೊಳ್ಳಬಹುದು. 'ಅದೆಲ್ಲ ಒಂದೇ' ಅಂದರೆ ಚಹಾ ಕುಡಿದು ಮುಂದೆ ಹೋಗಿ.

ಇದನ್ನು ನಾನು ಕಲಿತದ್ದು ಏಟು ತಿಂದು. ಪುಣೆಗೆ ಬಂದ ಹೊಸದರಲ್ಲಿ, ಮೊದಲ ಸಂಬಳದಲ್ಲಿ, ಪೇಟೆಯ ಒಂದು ಅಂಗಡಿಯಲ್ಲಿ 'ಒರಿಜಿನಲ್' ಅಂತ ಬೋರ್ಡು ನೋಡಿ ಚಪ್ಪಲಿ ಕೊಂಡೆ. ಜೂನ್ ತಿಂಗಳ ಮೊದಲ ಮಳೆಗೆ ಅದು ಬಾಯಿ ಬಿಟ್ಟಿತು. ಒಳಗೆ ನೋಡಿದರೆ ರಟ್ಟು! ಊರಿಗೆ ಹೋದಾಗ ಚಪ್ಪಲಿ ಹೊಲಿಯುವ ಕಾಕಾನ ಮುಂದೆ ಅದನ್ನು ಇಟ್ಟೆ. ಅವರು ಎರಡು ಬೆರಳಲ್ಲಿ ಎತ್ತಿ ಹಿಡಿದು, 'ತಮ್ಮಾ, ಚಪ್ಪಲಿ ಊರಾಗ ಹುಟ್ಟಿ ಪುಣೇದಾಗ ರಟ್ಟು ಖರೀದಿ ಮಾಡ್ಯಲ್ಲೋ' ಅಂದರು. ಓಣಿಯೆಲ್ಲ ನಕ್ಕಿತು. ಆಮೇಲೆ ಕೂರಿಸಿಕೊಂಡು ಹೇಳಿಕೊಟ್ಟರು. ಮೊದಲು ಮೂಸಿ ನೋಡು, ರಬ್ಬರಿನ ಅಂಟು ವಾಸನೆ ಬಂದರೆ ಬಿಡು. ಅಂಚಿನಲ್ಲಿ ತೊಗಲಿನ ಪದರ ಎಣಿಸು. ಹೊಲಿಗೆ ನೂಲಿನದೋ ತೊಗಲಿನದೋ ನೋಡು. ಎಡದ್ದು ಬಲದ್ದು ಅಕ್ಕಪಕ್ಕ ಇಡು, ಕೈಯಿಂದ ಹೆಣೆದ ವೇಣಿ ಎರಡರಲ್ಲೂ ಕೂದಲೆಳೆಯಷ್ಟಾದರೂ ಬೇರೆ ಇರುತ್ತದೆ. ಅಚ್ಚು ಹೊಡೆದ ಹಾಗೆ ಒಂದೇ ಇದ್ದರೆ ಮಷೀನಿನದು. ನಾನು ಸೇರಿಸುವುದು ಒಂದೇ: ನೂರೈವತ್ತು ರೂಪಾಯಿಗೆ ಫುಟ್‌ಪಾತಿನಲ್ಲಿ ಸಿಗುವುದು ತೊಗಲಲ್ಲ. ಹಾಗಂತ ಗಾಜಿನ ಅಂಗಡಿಯಲ್ಲಿ ಸಿಗುವುದೆಲ್ಲ ತೊಗಲು ಅಂತಲೂ ಅಲ್ಲ.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಶೋನಲ್ಲಿ ಇದೇ ಚಪ್ಪಲಿಯನ್ನು ಹೋಲುವ ಪಾದರಕ್ಷೆ ತೋರಿಸಿ ಗಲಾಟೆಯಾಯಿತಲ್ವಾ? ಮೊದಲು ಮೂಲದ ಹೆಸರೇ ಹೇಳಿರಲಿಲ್ಲ. ಆಮೇಲೆ ಭಾರತದ ಕೈಕಸುಬಿನಿಂದ ಪ್ರೇರಣೆ ಪಡೆದದ್ದು ಹೌದು ಎಂದು ಒಪ್ಪಿಕೊಂಡರು. ಆ ವಾರ ನನ್ನ ಆಫೀಸಿನಲ್ಲಿ ಊಟದ ಹೊತ್ತಿಗೆ ಬೇರೆ ಮಾತೇ ಇಲ್ಲ. ಎಲ್ಲರ ಬಾಯಲ್ಲೂ ಕೊಲ್ಹಾಪುರ. ಅಥಣಿ ಅಂದವನು ನಾನೊಬ್ಬನೇ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಬಿಡಿ. ಊರಿಗೆ ಫೋನ್ ಮಾಡಿ ಕಾಕಾಗೆ ಸುದ್ದಿ ಹೇಳಿದೆ. 'ಹೊಸಾದಾಗ ಅವರಿಗೂ ಕಚ್ಚಿರ್ತೈತಿ ಬಿಡೋ' ಅಂದು ನಕ್ಕರು.

ಈಗ ಸೀರೆಗೆ ಬನ್ನಿ. ಇರಕಲ್ ಅಂದರೆ ಇಳಕಲ್ಲೇ. ಮರಾಠಿಯಲ್ಲೂ ಳ ಇದೆ, ಆದರೂ ಅವರ ಬಾಯಲ್ಲಿ ಅದು ರ ಆಗಿಬಿಟ್ಟಿದೆ. ಪುಣೆಯ ಹಳೆ ಮನೆತನದ ಅಜ್ಜಿಯರು ನಮ್ಮ ಅಜ್ಜಿಯರಷ್ಟೇ ಪ್ರೀತಿಯಿಂದ ಉಟ್ಟ ಸೀರೆ ಅದು, ಅದಕ್ಕೆ ಅವರೂ ತಮ್ಮದೇ ಅನ್ನುತ್ತಾರೆ. ಲಕ್ಷ್ಮಿ ರೋಡಿನ ಅಂಗಡಿಗಳಲ್ಲಿ ರಾಶಿ ರಾಶಿ ಇರುತ್ತದೆ, ಹೆಚ್ಚಿನದು ಪವರ್‌ಲೂಮಿನದು. ಕೈಮಗ್ಗದ್ದು ಬೇಕಾದರೆ ಸೆರಗು ಒಡಲಿಗೆ ಸೇರುವ ಜಾಗ ಬಿಡಿಸಿ ನೋಡಿ. ಒಡಲಿನ ಹಾಸು ಎಳೆಗಳಿಗೂ ಸೆರಗಿನ ರೇಷ್ಮೆ ಎಳೆಗಳಿಗೂ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸುತ್ತಾರೆ. ಅದಕ್ಕೇ ಕೊಂಡಿ ಸೀರೆ ಅನ್ನುವುದು. ಎಳೆಗೆ ಎಳೆ ಸಿಕ್ಕಿಸುವ ಈ ಕೆಲಸಕ್ಕೆ ಬೇಕಾದ ತಾಳ್ಮೆ ನನಗಂತೂ ಈ ಜನ್ಮಕ್ಕೆ ಬರುವುದಿಲ್ಲ.

ಖಣ ಗುಳೇದಗುಡ್ಡದ್ದು. ನಮ್ಮಲ್ಲಿ ಅದು ಕುಪ್ಪಸದ ಬಟ್ಟೆ, ಉಡಿ ತುಂಬುವಾಗ ತೆಂಗಿನಕಾಯಿ, ಅಕ್ಕಿ ಜೊತೆ ಕೊಡುವುದು. ಪುಣೆಯವರು ಈಗ ಅದರಿಂದ ಸೀರೆ, ಬ್ಯಾಗು, ಫೋನಿನ ಚೀಲ, ಗಣಪತಿ ಮಂಟಪದ ಪರದೆ, ಕೊನೆಗೆ ಕಿವಿಯೋಲೆ ಸಹ ಮಾಡುತ್ತಿದ್ದಾರೆ. ನನ್ನ ಹೆಂಡತಿಗೆ ಇದು ಅತಿಯಾಯಿತು ಅನಿಸುತ್ತದೆ. ನನಗೇನೂ ತಕರಾರಿಲ್ಲ. ಉಡಿ ತುಂಬುವುದೊಂದರಿಂದಲೇ ಎಷ್ಟು ಮಗ್ಗ ನಡೆದೀತು? ಬೇಸರವಾಗುವುದು ಬೇರೆ ಕಡೆ. ಖಣದ ಮೈತುಂಬ ನೇಯುವ ಸಣ್ಣ ಚಿತ್ರಕ್ಕೆ ಬುಟ್ಟಿ ಅನ್ನುತ್ತಾರೆ, ಪಾಲಿಯೆಸ್ಟರ್ ಬಟ್ಟೆಯ ಮೇಲೆ ಅದರ ಹಾಗೆ ಕಾಣುವ ಚಿತ್ರ ಅಚ್ಚು ಹೊಡೆದು ಮಾರುತ್ತಾರೆ. ಹಿಂದುಮುಂದು ತಿರುಗಿಸಿ ನೋಡಿ. ನೇಯ್ದ ಬುಟ್ಟಿಯಾದರೆ ಹಿಂದೆ ಎಳೆ ಕಾಣುತ್ತದೆ.

ಇನ್ನು ನೀವು ನಿಜವಾಗಲೂ ಪುಣೆಯದ್ದೇ ಬೇಕು ಅಂದರೆ, ಮಾಲ್ ಬಿಟ್ಟು ಕಸಬಾ ಪೇಠಕ್ಕೆ ನಡೆಯಿರಿ. 2024ರಲ್ಲಿ ಆ ಕಡೆ ಮೆಟ್ರೋ ಶುರುವಾದ ಮೇಲೆ ಪಾರ್ಕಿಂಗ್ ಚಿಂತೆಯೂ ಇಲ್ಲ. ಪೇಠ ಅಂದರೆ ನಮ್ಮ ಪೇಟೆ, ಆಳಿ ಅಂದರೆ ಓಣಿ. ತಾಂಬಟ ಆಳಿಯನ್ನು ಹುಡುಕಬೇಕಾಗಿಯೇ ಇಲ್ಲ, ಕಿವಿಯೇ ಕರೆದೊಯ್ಯುತ್ತದೆ. ಠಣ್ ಠಣ್ ಅಂತ ತಾಮ್ರ ಬಡಿಯುವ ಸದ್ದು. ಪೇಶ್ವೆಯರ ಕಾಲದಿಂದ ಇಲ್ಲಿ ಈ ಕಸುಬಿನವರಿದ್ದಾರೆ. ನಮ್ಮ ಕಡೆ ಬೋಗಾರರು ಅಂತಾರಲ್ಲ, ಬೆಳಗಾವಿಯ ಬೋಗಾರವೇಸ್ ಆ ಹೆಸರಿನದೇ. ಹಾಗೆಯೇ ಇಲ್ಲಿ ತಾಂಬಟರು. ಹಂಡೆ, ತಂಬಿಗೆ, ನೀರು ಕಾಯಿಸುವ ಬಂಬು, ಈಗ ದೀಪ, ಹೂದಾನಿ ಎಲ್ಲ ಮಾಡುತ್ತಾರೆ. ಪಾತ್ರೆಯ ಮೈಮೇಲೆ ಸುತ್ತಿಗೆಯಿಂದ ಸಾಲಾಗಿ ಗುಳಿ ಬೀಳಿಸುವುದಕ್ಕೆ ಮಠಾರಕಾಮ ಅನ್ನುತ್ತಾರೆ. ಬರೀ ಅಂದಕ್ಕಲ್ಲ ಅದು. ಬಡಿದಷ್ಟೂ ತಾಮ್ರ ಗಟ್ಟಿಯಾಗುತ್ತದೆ, ತೆಳ್ಳಗಿನ ತಗಡೂ ಬಾಗದೆ ನಿಲ್ಲುತ್ತದೆ. ನೀವು ಅಮ್ಮನಿಗೆ ಒಂದು ತಾಮ್ರದ ತಂಬಿಗೆ ಒಯ್ದರೆ ನಾನು ಬಾಯಿ ಮುಚ್ಚಿಕೊಂಡು ಒಪ್ಪುತ್ತೇನೆ, ಅದು ಪುಣೆಯದ್ದೇ. ಅಲ್ಲೇ ಹತ್ತಿರದಲ್ಲಿ ಕುಂಬಾರರ ಓಣಿ ಇದೆ. ದೀಪಾವಳಿಗೆ ಇಲ್ಲಿನ ಮಕ್ಕಳು ಮನೆ ಮುಂದೆ ಮಣ್ಣಿನ ಕೋಟೆ ಕಟ್ಟುತ್ತಾರೆ, ಅದರ ಮೇಲಿಡಲು ಶಿವಾಜಿ ಮಹಾರಾಜರ ಮತ್ತು ಮಾವಳೆ ಸೈನಿಕರ ಗೊಂಬೆ ಕೊಳ್ಳಲು ಅಲ್ಲಿ ಜಾತ್ರೆಯಷ್ಟು ಜನ. ಬೆಳಗಾವಿಯ ಮಕ್ಕಳೂ ಹೀಗೇ ಕೋಟೆ ಕಟ್ಟುತ್ತಾರೆ. ಮೈಸೂರಿನಲ್ಲಿ ದಸರಾಕ್ಕೆ ಗೊಂಬೆ ಕೂರಿಸಿದ ನಿಮಗೆ ಇದು ಹಿಡಿಸಬಹುದು. ಬಿದಿರಿನ ಬುಟ್ಟಿ, ಮೊರ ಬೇಕಾದರೆ ಬುರುಡ ಆಳಿ. ಬುರುಡರು ಅಂದರೆ ನಮ್ಮ ಮೇದಾರರು. ತುಳಶಿಬಾಗ್ ಅನ್ನುವ ಪೇಟೆಗೆ ಹೋಗಲೇಬೇಕು, ಆದರೆ ಕೈಕೆಲಸಕ್ಕೆ ಅಂತ ಅಲ್ಲ. ಮಕ್ಕಳ ಆಟದ ಪುಟ್ಟ ಹಿತ್ತಾಳೆ ಪಾತ್ರೆ ಒಂದು ಬಿಟ್ಟರೆ ಅಲ್ಲಿ ಉಳಿದದ್ದು ಹೆಚ್ಚೂಕಡಿಮೆ ಫ್ಯಾಕ್ಟರಿ ಮಾಲು.

ಡಿಸೆಂಬರ್ ತನಕ ಕಾಯುವಂತಿದ್ದರೆ ಭೀಮಥಡಿ ಜಾತ್ರೆ. ಬಾರಾಮತಿಯ ಕೃಷಿ ಅಭಿವೃದ್ಧಿ ಟ್ರಸ್ಟ್ ನಡೆಸುತ್ತದೆ, ಹೆಚ್ಚಾಗಿ ಹಳ್ಳಿಯ ಸ್ವಸಹಾಯ ಸಂಘಗಳ ಹೆಂಗಸರೇ ಮಳಿಗೆ ಹಾಕುತ್ತಾರೆ. ಥಡಿ ಅಂದರೆ ನಮ್ಮ 'ತಡಿ'ಯೇ, ನದಿಯ ದಡ. ಭೀಮೆ ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ ನಮ್ಮ ಕಡೆ ಬಂದು ಕೃಷ್ಣೆಗೆ ಸೇರುತ್ತಾಳೆ. ಜನ ಅಲ್ಲಿಗೆ ಮುಗಿಬೀಳುವುದು ಮಾತ್ರ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಠೇಚಾ ಅನ್ನುವ ಮೆಣಸಿನಕಾಯಿ ಚಟ್ನಿಗೆ. ನಾನೂ ಮೊದಲು ಅಲ್ಲಿಗೇ ಹೋಗುತ್ತೇನೆ, ಸುಳ್ಳು ಯಾಕೆ ಹೇಳಲಿ.

ಅಂಥ ಮೇಳಗಳಲ್ಲಿ ಒಂದು ಮಜಾ ಇದೆ. ಕೆಲವು ವರ್ಷದ ಹಿಂದೆ ಇಂಥದೇ ಒಂದು ಕಡೆ ಕೌದಿ ಹರಡಿಕೊಂಡು ಕೂತ ಅವ್ವನೊಬ್ಬಳು ಗಿರಾಕಿಗಳ ಜೊತೆ ಗಂಟೆಗಟ್ಟಲೆ ಮರಾಠಿಯಲ್ಲಿ ಚೌಕಾಸಿ ಮಾಡುತ್ತಿದ್ದಳು. ನಾನೂ ಮರಾಠಿಯಲ್ಲೇ ಬೆಲೆ ಕೇಳಿದೆ. ಅವಳು ಹೇಳಿದ ಬೆಲೆ ಜಾಸ್ತಿ ಅನಿಸಿ ಹೆಂಡತಿಗೆ ಮೆಲ್ಲಗೆ ಕನ್ನಡದಲ್ಲಿ, 'ಮುನ್ನೂರು ಕಡಿಮೆ ಕೇಳೋಣ' ಅಂದೆ. ಆಕೆ ಸೂಜಿ ನಿಲ್ಲಿಸದೇ, ತಲೆ ಎತ್ತದೇ, 'ಯಾವೂರ್ರೀ ನಿಮ್ದು?' ಅಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆಕೆ ಜತ್ತ ತಾಲೂಕಿನವಳು. ಆ ತಾಲೂಕು ಮಹಾರಾಷ್ಟ್ರದ್ದು, ಅಲ್ಲಿ ಹಳ್ಳಿ ಹಳ್ಳಿಗಳಲ್ಲಿ ಕನ್ನಡ. ಊರು ಕೇಳಿದ ಮೇಲೆ ಮುನ್ನೂರು ಬಿಡಿ, ಮೂರು ರೂಪಾಯಿ ಕಡಿಮೆ ಮಾಡಿ ಅನ್ನುವುದಕ್ಕೂ ಬಾಯಿ ಬರಲಿಲ್ಲ. ಹಳೆ ಸೀರೆಗಳನ್ನು ಪದರ ಪದರವಾಗಿ ಇಟ್ಟು ಸಾಲುಹೊಲಿಗೆ ಹಾಕಿದ ಕೌದಿ ಅದು. ನಾಲ್ಕು ಮೂಲೆಗೂ ಮೂರು ಮೂಲೆಯ ತುಂಡು ಬಟ್ಟೆ. ಪುಣೆಯವರು ಅದನ್ನು ಗೋಧಡಿ ಅನ್ನುತ್ತಾರೆ. ಈಗಲೂ ನಮ್ಮ ಮನೆಯಲ್ಲಿ ಚಳಿಗೆ ಎಲ್ಲರೂ ಅದಕ್ಕೇ ಜಗಳ ಆಡುತ್ತೇವೆ.

ಬೆಲೆ ಕೇಳುವ ಬಗ್ಗೆ ನೀವು ಬೇರೆಯಾಗಿ ಕೇಳಿದ್ದಿರಿ. ಅಂಗಡಿಯಲ್ಲಿ ಧಾರಾಳವಾಗಿ ಚೌಕಾಸಿ ಮಾಡಿ. ಮಾಡಿದವರೇ ಮಾರಲು ಕೂತಿದ್ದರೆ ಒಮ್ಮೆ ಕೇಳಿ, ಅವರು ಇಲ್ಲ ಅಂದರೆ ಬಿಟ್ಟುಬಿಡಿ. ನಾನು ಹಾಗೇ ಮಾಡುತ್ತೇನೆ, ಹೆಂಡತಿ ಒಪ್ಪುವುದಿಲ್ಲ.

ಕೊನೆಗೂ ಚಪ್ಪಲಿಯೇ ಅಂತಾದರೆ ಪೇಟೆಗೆ ಹೋಗಬೇಡಿ. ಅಮ್ಮನಿಗೆ ಫೋನ್ ಮಾಡಿ, ಒಂದು ಹಾಳೆಯ ಮೇಲೆ ಎರಡೂ ಪಾದ ಇಟ್ಟು ಸುತ್ತ ಪೆನ್ನಿನಿಂದ ಗೀಟು ಎಳೆದು ಕಳಿಸಲು ಹೇಳಿ. ಫೋಟೋ ಬೇಡ, ಹಾಳೆಯೇ ಬೇಕು, ಫೋಟೋದಲ್ಲಿ ಅಳತೆ ತಪ್ಪುತ್ತದೆ. ಯುಗಾದಿಗೆ ನಾನು ಊರಿಗೆ ಹೋಗುವವನಿದ್ದೇನೆ, ಕಾಕಾನ ಕೈಗೆ ಕೊಟ್ಟು ಬರುತ್ತೇನೆ. ಈಗ ಅವರ ಕಣ್ಣು ಸ್ವಲ್ಪ ಮಂಜು, ವೇಣಿಯನ್ನು ಸೊಸೆ ಹೆಣೆಯುತ್ತಾಳೆ. ಹಾಗಾಗಿ ತಡವಾಗಬಹುದು, ಅವಸರ ಮಾಡಬೇಡಿ. ಚಪ್ಪಲಿ ಬಂದ ಮೇಲೆ ಮೊದಲ ಎರಡು ರಾತ್ರಿ ಹರಳೆಣ್ಣೆ ಸವರಿ ಇಡಿ. ಮೊದಲ ವಾರ ಅಮ್ಮ ಮನೆಯೊಳಗೇ ಸ್ವಲ್ಪ ಹೊತ್ತು ಹಾಕಿಕೊಂಡು ಓಡಾಡಲಿ, ಇಲ್ಲದಿದ್ದರೆ ಅಂಗಠಾ ಕಚ್ಚುತ್ತದೆ. ಮಳೆಗಾಲದಲ್ಲಿ ಅಟ್ಟಕ್ಕೆ ಹಾಕಿ. ಮತ್ತೆ, ಬಣ್ಣ ಎಣ್ಣೆಗೆಂಪು ಸಾಕಾ, ಕಪ್ಪು ಬೇಕಾ ಅಂತಲೂ ಅಮ್ಮನನ್ನೇ ಕೇಳಿ ಬರೆಯಿರಿ.